ಹೋಮ್ ಸಿನಿಮಾಕ್ಕೆ ಉನ್ನತ ದರ್ಜೆಯ ಆಂಪ್ಲಿಫೈಯರ್: ಕೋಣೆಯ ಅಳತೆಯಿಂದ ಮೊದಲ ದಿನದ ಹೊಂದಾಣಿಕೆಯವರೆಗೆ

ಮನೆಯಲ್ಲೊಂದು ಕೋಣೆಯನ್ನು ಸಿನಿಮಾಕ್ಕಾಗಿಯೇ ಮೀಸಲಿಟ್ಟು ಅದಕ್ಕೆ ತಕ್ಕ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಲಿಸುವುದು ಎರಡು ಅಂಕಿಗಳನ್ನು: ಎಷ್ಟು ವ್ಯಾಟ್, ಎಷ್ಟು ಚಾನೆಲ್ (ಅಂದರೆ ಎಷ್ಟು ಸ್ಪೀಕರ್ ನಡೆಸಬಲ್ಲದು). ಮಾಹಿತಿ ಪತ್ರದ ಮೊದಲ ಸಾಲಿನಲ್ಲಿಯೇ ದಪ್ಪಕ್ಷರದಲ್ಲಿ ಇರುವುದರಿಂದ ಅವು ಕಣ್ಣಿಗೆ ಬೀಳುವುದು ಸಹಜ. ಆದರೆ ಲಕ್ಷಗಳ ಲೆಕ್ಕದಲ್ಲಿ ಬೆಲೆಯಿರುವ ಈ ಯಂತ್ರಗಳ ಪೈಕಿ ಯಾವುದು ನಮಗೆ ಸರಿ ಎಂಬುದು ಕೋಣೆಯ ಅಳತೆ, ಕೂರುವ ಜಾಗ ಮತ್ತು ಸ್ಪೀಕರ್‌ಗಳ ಗುಣ ಈ ಮೂರನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ ಮಾತ್ರ ತಿಳಿಯುತ್ತದೆ. ಆ ಲೆಕ್ಕವೇನೂ ಕಷ್ಟದ್ದಲ್ಲ. ಒಂದು ಟೇಪು ಮತ್ತು ಒಂದು ಕ್ಯಾಲ್ಕುಲೇಟರ್ ಇದ್ದರೆ ಯಾರು ಬೇಕಾದರೂ ಮಾಡಬಹುದು. ಅದನ್ನು ಮಾಡಿಕೊಂಡು ಅಂಗಡಿಗೆ ಹೋದವರಿಗೆ ಬೇಡದ್ದನ್ನು ಮಾರುವುದು ಕಷ್ಟ.

ಉದಾಹರಣೆಗೆ ಒಂದು ಕೋಣೆಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ 30×40 ಸೈಟಿನಲ್ಲಿ ಕಟ್ಟಿದ ಮನೆಯ ಮೇಲಿನ ಮಹಡಿಯಲ್ಲಿ 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ. ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಮುಂದಿನ ಎಲ್ಲ ಲೆಕ್ಕಗಳೂ ಈ ಕೋಣೆಯದ್ದೇ. ನಿಮ್ಮ ಕೋಣೆಯ ಅಳತೆಗಳನ್ನು ಅದೇ ಜಾಗದಲ್ಲಿ ಹಾಕಿಕೊಂಡರೆ ನಿಮ್ಮ ಉತ್ತರ ಸಿಗುತ್ತದೆ.

ಮೊದಲ ಹೆಜ್ಜೆ: ಕೋಣೆಯನ್ನು ಅಳೆದು, ಕೂರುವ ಜಾಗವನ್ನು ನಿಗದಿಪಡಿಸಿ

ಸೋಫಾ ಎಲ್ಲಿರುತ್ತದೆ ಎಂಬುದನ್ನು ಗೋಡೆಗೆ ಬಣ್ಣ ಹೊಡೆಯುವ ಮೊದಲೇ ತೀರ್ಮಾನಿಸಬೇಕು. ಕೋಣೆಯ ಉದ್ದದ ನಟ್ಟನಡುವೆ ಕೂತರೆ ಆ ಉದ್ದಕ್ಕೆ ಸಂಬಂಧಿಸಿದ ಅತ್ಯಂತ ಕೆಳಗಿನ ಅನುರಣನ (ಗೋಡೆಗಳ ನಡುವೆ ಬಡಿದಾಡಿ ಉಬ್ಬುವ ಸ್ವರ), ಅಂದರೆ 18 ಅಡಿಯ ಕೋಣೆಯಲ್ಲಿ ಸುಮಾರು 31 ಹರ್ಟ್ಸ್‌ನ ಸದ್ದು, ಕಿವಿಗೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಹಿಂದಿನ ಗೋಡೆಗೆ ಅಂಟಿಕೊಂಡು ಕೂತರೆ ಎಲ್ಲ ಅನುರಣನಗಳೂ ಒಟ್ಟಾಗಿ ಸೇರಿ ಬೇಸ್ ಗುಡುಗತೊಡಗುತ್ತದೆ. ಪರದೆಯ ಗೋಡೆಯಿಂದ 12 ಅಡಿ ದೂರ, ಹಿಂದೆ 6 ಅಡಿ ಜಾಗ ಬಿಟ್ಟು ಕೂರುವುದು ಈ ಕೋಣೆಗೆ ಒಳ್ಳೆಯ ರಾಜಿ. ಆಗ ಮುಂದಿನ ಸ್ಪೀಕರ್‌ಗಳಿಂದ ಕಿವಿಗೆ ಸುಮಾರು ಮೂರೂವರೆ ಮೀಟರ್ ದೂರವಾಗುತ್ತದೆ. ಈ ಮೂರೂವರೆ ಮೀಟರನ್ನು ಬರೆದಿಟ್ಟುಕೊಳ್ಳಿ. ವ್ಯಾಟ್‌ಗಳ ಲೆಕ್ಕಕ್ಕೆ ಅದೇ ಆಧಾರ.

ಇದೇ ಹಂತದಲ್ಲಿ ನೆಲ ಮತ್ತು ಗೋಡೆಗಳ ಬಗ್ಗೆಯೂ ಯೋಚಿಸಬೇಕಾಗುತ್ತದೆ. ಕೈ ತಟ್ಟಿದರೆ ಸದ್ದು ಗುಂಯ್ ಎಂದು ತಿರುಗುವ ಖಾಲಿ ಕೋಣೆಯಲ್ಲಿ ಎಷ್ಟೇ ದುಬಾರಿ ಆಂಪ್ಲಿಫೈಯರ್ ಇಟ್ಟರೂ ಸಂಭಾಷಣೆ ಸ್ಪಷ್ಟವಾಗುವುದಿಲ್ಲ. ದಪ್ಪ ಕಾರ್ಪೆಟ್, ಭಾರವಾದ ಪರದೆಗಳು, ಪಕ್ಕದ ಗೋಡೆಗಳ ಮೇಲೆ ಸದ್ದು ಮೊದಲು ಬಡಿಯುವ ಜಾಗದಲ್ಲಿ ನಾಲ್ಕು ಇಂಚಿನ ರಾಕ್‌ವೂಲ್ ಪ್ಯಾನೆಲ್‌ಗಳು ಇವುಗಳಿಗೆ ಹಣ ತೆಗೆದಿಟ್ಟ ನಂತರ ಉಳಿದದ್ದು ಮಾತ್ರ ಯಂತ್ರದ ಬಜೆಟ್ಟು. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಎರಡನೆಯ ಹೆಜ್ಜೆ: ಎಷ್ಟು ಸ್ಪೀಕರ್ ಎಂಬುದನ್ನು ಕೋಣೆಯೇ ಹೇಳಲಿ

ತಲೆಯ ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ ಎಂಬ ಧ್ವನಿ ಸ್ವರೂಪ 2012ರಲ್ಲಿ ಚಿತ್ರಮಂದಿರಗಳಿಗೆ ಬಂದು, 2014ರಲ್ಲಿ ಮನೆಗಳಿಗೆ ಕಾಲಿಟ್ಟಿತು. ಅದೇ ಬಗೆಯ ಡಿಟಿಎಸ್ ಎಕ್ಸ್ ಅದರ ಮರುವರ್ಷ ಬಂತು. ಅಂದಿನಿಂದ ಸ್ಪೀಕರ್ ವಿನ್ಯಾಸವನ್ನು ಮೂರು ಅಂಕಿಗಳಲ್ಲಿ ಬರೆಯುವುದು ರೂಢಿ: 7.1.4 ಎಂದರೆ ಕಿವಿಯ ಮಟ್ಟದಲ್ಲಿ ಏಳು ಸ್ಪೀಕರ್, ಒಂದು ಸಬ್‌ವೂಫರ್ (ಆಳದ ಬೇಸ್ ಸದ್ದಿನ ಪೆಟ್ಟಿಗೆ) ವಾಹಿನಿ, ತಲೆಯ ಮೇಲೆ ನಾಲ್ಕು ಸ್ಪೀಕರ್. ಇದಕ್ಕೆ 11 ಚಾನೆಲ್‌ಗಳ ಆಂಪ್ಲಿಫೈಯರ್ ಬೇಕು, ಏಕೆಂದರೆ ಸಬ್‌ವೂಫರ್‌ಗೆ ಸಾಮಾನ್ಯವಾಗಿ ತನ್ನದೇ ಆಂಪ್ಲಿಫೈಯರ್ ಒಳಗೇ ಇರುತ್ತದೆ.

ನಮ್ಮ ಕೋಣೆಯಲ್ಲಿ ಸೋಫಾದ ಹಿಂದೆ 6 ಅಡಿ ಇರುವುದರಿಂದ ಹಿಂಬದಿಯ ಎರಡು ಸ್ಪೀಕರ್‌ಗಳಿಗೆ ಅರ್ಥವಿದೆ. ಡಾಲ್ಬಿಯ ಸೂಚನೆಯಂತೆ ಪಕ್ಕದ ಸ್ಪೀಕರ್‌ಗಳನ್ನು, ಕೂತವರ ನೇರ ಮುಂದಿನಿಂದ ಅಳೆದು, 90ರಿಂದ 110 ಡಿಗ್ರಿ, ಹಿಂದಿನವುಗಳನ್ನು 135ರಿಂದ 150 ಡಿಗ್ರಿ ಕೋನದಲ್ಲಿ ಇಡಬಹುದು. ಸೋಫಾ ಹಿಂದಿನ ಗೋಡೆಗೇ ತಾಗಿದ್ದರೆ 5.1.4 ಸಾಕು; ಆಗ 9 ಚಾನೆಲ್‌ಗಳ ಯಂತ್ರ ಕೊಂಡು ಉಳಿದ ಹಣವನ್ನು ಎರಡನೆಯ ಸಬ್‌ವೂಫರ್‌ಗೆ ಹಾಕುವುದು ಜಾಣತನ. ಕೂತವರ ಕಿವಿ ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿರುತ್ತದೆ ಎಂದುಕೊಂಡರೆ 10 ಅಡಿಯ ಸೀಲಿಂಗ್ ಅದಕ್ಕಿಂತ ಆರೂವರೆ ಅಡಿ ಮೇಲಿರುತ್ತದೆ. 45 ಡಿಗ್ರಿ ಕೋನಕ್ಕೆ ಸೀಲಿಂಗ್ ಸ್ಪೀಕರ್‌ಗಳು ಸೋಫಾದಿಂದ ಅಷ್ಟೇ ಆರೂವರೆ ಅಡಿ ಮುಂದೆ ಮತ್ತು ಹಿಂದೆ ಬರಬೇಕು. ಹಿಂದೆ ಇರುವುದೇ ಆರಡಿ, ಆದ್ದರಿಂದ ಹಿಂದಿನ ಜೋಡಿಯನ್ನು ಸ್ವಲ್ಪ ಒಳಗೆ ತರಬೇಕಾಗುತ್ತದೆ, ಅದರಿಂದ ತೊಂದರೆಯಿಲ್ಲ. ಈ ಕೋಣೆಗೆ 9.1.6ರ 15 ಚಾನೆಲ್‌ಗಳು ಬೇಕಿಲ್ಲ. ಡೆನಾನ್‌ನ ಎವಿಸಿ-ಎ1ಎಚ್‌ನಂಥ, ಒಂದೇ ಪೆಟ್ಟಿಗೆಯಲ್ಲಿ 15 ಆಂಪ್ಲಿಫೈಯರ್‌ಗಳಿರುವ ಯಂತ್ರ ನಿಜಕ್ಕೂ ಸಾರ್ಥಕವಾಗುವುದು ಎರಡು ಸಾಲು ಸೀಟುಗಳಿರುವ ಉದ್ದನೆಯ ಕೋಣೆಯಲ್ಲಿ.

ಮೂರನೆಯ ಹೆಜ್ಜೆ: ಬೇಕಾದ ವ್ಯಾಟ್‌ಗಳನ್ನು ನೀವೇ ಲೆಕ್ಕ ಹಾಕಿ

ಸಿನಿಮಾ ಧ್ವನಿಗೆ ಒಂದು ಗೊತ್ತಾದ ಮಾನದಂಡವಿದೆ. ಅದರ ಪ್ರಕಾರ ಕೂರುವ ಜಾಗದಲ್ಲಿ ಪ್ರತಿ ಮುಖ್ಯ ಚಾನೆಲ್ ಗರಿಷ್ಠ 105 ಡೆಸಿಬೆಲ್‌ಗಳನ್ನು, ಸಬ್‌ವೂಫರ್ ವಾಹಿನಿ ಗರಿಷ್ಠ 115 ಡೆಸಿಬೆಲ್‌ಗಳನ್ನು ವಿರೂಪ (ಡಿಸ್ಟಾರ್ಷನ್) ಇಲ್ಲದೆ ಕೊಡಬೇಕು. ಸರಿಯಾಗಿ ಹೊಂದಿಸಿದ ಹೆಚ್ಚಿನ ರಿಸೀವರ್‌ಗಳಲ್ಲಿ (ಧ್ವನಿ ಸಂಸ್ಕರಣೆ, ಆಂಪ್ಲಿಫೈಯರ್ ಎರಡೂ ಇರುವ ಪೆಟ್ಟಿಗೆ) ಋಣ ಸಂಖ್ಯೆಗಳಿಂದ ಮೇಲೇರುವ ವಾಲ್ಯೂಮ್ ಅಂಕಿ ಸೊನ್ನೆಗೆ ಬಂದಾಗ ಸಿಗುವುದು ಈ ಮಟ್ಟವೇ. ಮನೆಯಲ್ಲಿ ಬಹಳ ಮಂದಿ ಸಿನಿಮಾ ನೋಡುವುದು ಅದಕ್ಕಿಂತ 10ರಿಂದ 15 ಡೆಸಿಬೆಲ್ ಕೆಳಗೆ.

ಇನ್ನು ಸ್ಪೀಕರ್. ಅದರ ಸೆನ್ಸಿಟಿವಿಟಿಯನ್ನು 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದಿರುತ್ತಾರೆ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಎಂದರೆ ಸರಿಯಾಗಿ ಒಂದು ವ್ಯಾಟ್. ನಮ್ಮ ಸ್ಪೀಕರ್ 88 ಡೆಸಿಬೆಲ್‌ನದ್ದು ಎಂದುಕೊಳ್ಳಿ. ಬಯಲಿನಲ್ಲಿ ಮೂರೂವರೆ ಮೀಟರ್ ದೂರಕ್ಕೆ ಸುಮಾರು 11 ಡೆಸಿಬೆಲ್ ಕಳೆದುಹೋಗುತ್ತದೆ, ಮುಚ್ಚಿದ ಕೋಣೆಯ ಪ್ರತಿಫಲನಗಳಿಂದ ಸುಮಾರು 3 ಡೆಸಿಬೆಲ್ ಮರಳಿ ಬರುತ್ತದೆ. ಅಂದರೆ ಒಂದು ವ್ಯಾಟಿಗೆ ಸೋಫಾದಲ್ಲಿ 80 ಡೆಸಿಬೆಲ್. ಶಕ್ತಿ ಹತ್ತು ಪಟ್ಟಾದರೆ ಮಟ್ಟ 10 ಡೆಸಿಬೆಲ್ ಏರುತ್ತದೆ, ಇಮ್ಮಡಿಯಾದರೆ 3 ಡೆಸಿಬೆಲ್. ಹೀಗಾಗಿ 10 ವ್ಯಾಟಿಗೆ 90, 100 ವ್ಯಾಟಿಗೆ 100, ಪೂರ್ಣ ಮಾನದಂಡದ 105ಕ್ಕೆ ಸುಮಾರು 316 ವ್ಯಾಟ್. ವಾಲ್ಯೂಮನ್ನು ಮಾನದಂಡಕ್ಕಿಂತ 10 ಡೆಸಿಬೆಲ್ ಕೆಳಗಿಟ್ಟು ನೋಡುವವರಿಗೆ ಗರಿಷ್ಠ 95 ಸಾಕು. ಅದಕ್ಕೆ ಬೇಕಾದದ್ದು ಬರೀ 32 ವ್ಯಾಟ್.

ಈ ಪುಟ್ಟ ಲೆಕ್ಕದಿಂದ ಎರಡು ಸಂಗತಿಗಳು ತಿಳಿಯುತ್ತವೆ. 100 ವ್ಯಾಟಿನ ಯಂತ್ರಕ್ಕೂ 125 ವ್ಯಾಟಿನ ಯಂತ್ರಕ್ಕೂ ಇರುವ ವ್ಯತ್ಯಾಸ ಒಂದು ಡೆಸಿಬೆಲ್‌ಗಿಂತಲೂ ಕಡಿಮೆ, ಅಂದರೆ ಅದಕ್ಕಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ. ಎರಡನೆಯದಾಗಿ, 88ರ ಬದಲು 92 ಡೆಸಿಬೆಲ್‌ನ ಸ್ಪೀಕರ್ ಆರಿಸಿಕೊಂಡರೆ ಅದೇ 105ಕ್ಕೆ 316ರ ಬದಲು ಸುಮಾರು 126 ವ್ಯಾಟ್ ಸಾಕಾಗುತ್ತದೆ. ಆಂಪ್ಲಿಫೈಯರನ್ನು ಆರಿಸುವ ಮುನ್ನ ಸ್ಪೀಕರನ್ನು ಆರಿಸಬೇಕು ಎಂದು ತಿಳಿದವರು ಹೇಳುವುದು ಇದಕ್ಕಾಗಿಯೇ. ಪಕ್ಕದ ಮತ್ತು ಮೇಲಿನ ಸ್ಪೀಕರ್‌ಗಳು ಕಿವಿಗೆ ಹತ್ತಿರವಿರುವುದರಿಂದ ಅವುಗಳಿಗೆ ಇಷ್ಟು ಶಕ್ತಿಯೂ ಬೇಕಿಲ್ಲ. ನಿಜವಾದ ಭಾರ ಬೀಳುವುದು ಮುಂದಿನ ಮೂರರ ಮೇಲೆ, ಅದರಲ್ಲೂ ಸಂಭಾಷಣೆಯ ಬಹುಪಾಲನ್ನು ಹೊರುವ ನಡುವಿನ ಸ್ಪೀಕರ್ ಮೇಲೆ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಸಬ್‌ವೂಫರ್‌ಗೆ ಕಳುಹಿಸಿದರೆ ಆ ಮೂರರ ಭಾರವೂ ಗಣನೀಯವಾಗಿ ಇಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಇಂಪೀಡೆನ್ಸ್ ಎಂಬ ಮರೆತುಹೋಗುವ ಅಂಕಿ

ಇಂಪೀಡೆನ್ಸ್ ಎಂದರೆ ಸ್ಪೀಕರ್ ವಿದ್ಯುತ್ ಪ್ರವಾಹಕ್ಕೆ ಒಡ್ಡುವ ತಡೆ, ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಉನ್ನತ ದರ್ಜೆಯ ಸ್ಪೀಕರ್‌ಗಳಲ್ಲಿ ಅನೇಕವು 4 ಓಮ್‌ನವು. 28.3 ವೋಲ್ಟ್ ಕೊಟ್ಟಾಗ 8 ಓಮ್ ಸ್ಪೀಕರ್ 100 ವ್ಯಾಟ್ ತೆಗೆದುಕೊಂಡು 3.5 ಆಂಪಿಯರ್ ಎಳೆದರೆ, 4 ಓಮ್ ಸ್ಪೀಕರ್ ಅದೇ ವೋಲ್ಟೇಜಿಗೆ 200 ವ್ಯಾಟ್ ತೆಗೆದುಕೊಂಡು 7 ಆಂಪಿಯರ್ ಎಳೆಯುತ್ತದೆ. ಹೆಸರಿಗೆ 4 ಓಮ್ ಆದರೂ ಕೆಲವು ಆವರ್ತನಗಳಲ್ಲಿ (ಫ್ರೀಕ್ವೆನ್ಸಿ) ಅದು 3.2ರವರೆಗೆ ಇಳಿಯಲು ಅಂತಾರಾಷ್ಟ್ರೀಯ ಮಾನಕದಲ್ಲೇ ಅವಕಾಶವಿದೆ. ಅದಕ್ಕಿಂತ ಕೆಳಗಿಳಿಯುವ ಸ್ಪೀಕರ್‌ಗಳೂ ಮಾರುಕಟ್ಟೆಯಲ್ಲಿವೆ. ಇಷ್ಟು ವಿದ್ಯುತ್ ಪ್ರವಾಹವನ್ನು ಆಂಪ್ಲಿಫೈಯರ್ ಬಿಸಿಯಾಗದೆ, ರಕ್ಷಣಾ ಸರ್ಕ್ಯೂಟ್ ಕಡಿದುಕೊಳ್ಳದೆ ಒದಗಿಸಬಲ್ಲದೇ ಎಂಬುದೇ ನಿಜವಾದ ಪರೀಕ್ಷೆ. ಒಳ್ಳೆಯ ಪ್ರತ್ಯೇಕ ಪವರ್ ಆಂಪ್ಲಿಫೈಯರ್ ಒಂದು 8 ಓಮ್‌ಗೆ ಕೊಡುವ ಶಕ್ತಿಯ ಹತ್ತಿರಹತ್ತಿರ ಎರಡರಷ್ಟನ್ನು 4 ಓಮ್‌ಗೆ ಕೊಡುತ್ತದೆ. ಹನ್ನೊಂದು ಚಾನೆಲ್‌ಗಳಿಗೂ ಒಂದೇ ಟ್ರಾನ್ಸ್‌ಫಾರ್ಮರ್ ಹಂಚಿಕೊಳ್ಳುವ ರಿಸೀವರ್‌ನಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಕೆಲವು ರಿಸೀವರ್‌ಗಳಲ್ಲಿ 4 ಓಮ್ ಎಂಬ ಸೆಟ್ಟಿಂಗ್ ಇರುತ್ತದೆ. ಅದನ್ನು ಹಾಕಿದರೆ ಹೆಚ್ಚು ಶಕ್ತಿ ಸಿಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯವಾಗಿ ಆಗುವುದು ಇದಕ್ಕೆ ವಿರುದ್ಧ. ಒಳಗಿನ ವೋಲ್ಟೇಜನ್ನು ತಗ್ಗಿಸಿ ಬಿಸಿಯನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಅದು, ಅದರಿಂದ ಗರಿಷ್ಠ ಶಕ್ತಿ ಇಳಿಯುತ್ತದೆ. ಮುಂದಿನ ಮೂರು ಸ್ಪೀಕರ್‌ಗಳು 4 ಓಮ್‌ನವಾಗಿದ್ದು ಸೆನ್ಸಿಟಿವಿಟಿಯೂ ಕಡಿಮೆಯಿದ್ದರೆ, ಆ ಮೂರಕ್ಕೆ ಮಾತ್ರ ಪ್ರತ್ಯೇಕ ಆಂಪ್ಲಿಫೈಯರ್ ಕೊಟ್ಟು ಉಳಿದವುಗಳನ್ನು ರಿಸೀವರ್‌ಗೇ ಬಿಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸಮಂಜಸವಾದ ದಾರಿ.

ಐದನೆಯ ಹೆಜ್ಜೆ: ಮಾಹಿತಿ ಪತ್ರವನ್ನು ಓದುವ ಕ್ರಮ

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿಯೇ ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಹೇಗೆ ಘೋಷಿಸಬೇಕು ಎಂಬ ನಿಯಮ ತರಬೇಕಾಯಿತು, 2024ರಲ್ಲಿ ಅದನ್ನು ಪರಿಷ್ಕರಿಸಬೇಕಾಯಿತು ಎಂದರೆ ಈ ಅಂಕಿಗಳ ಗೊಂದಲ ಎಷ್ಟು ಹಳೆಯದು ಎಂಬುದು ಅರ್ಥವಾದೀತು. ಒಂದೇ ಯಂತ್ರವನ್ನು 6 ಓಮ್, 1 ಕಿಲೋಹರ್ಟ್ಸ್, ಶೇ. 10 ವಿರೂಪ, ಒಂದೇ ಚಾನೆಲ್ ಎಂಬ ಷರತ್ತಿನಲ್ಲಿ ಅಳೆದರೆ ಬರುವ ಸಂಖ್ಯೆ ಬೇರೆ. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಶೇ. 0.05 ವಿರೂಪ, ಎರಡು ಚಾನೆಲ್ ಎಂಬ ಷರತ್ತಿನಲ್ಲಿ ಬರುವ ಸಂಖ್ಯೆ ಬೇರೆ. ಎರಡನೆಯದನ್ನು ಮಾತ್ರ ಹೋಲಿಕೆಗೆ ತೆಗೆದುಕೊಳ್ಳಿ. ಶೇ. 10ರಷ್ಟು ವಿರೂಪವಾದ ಸದ್ದು ಯಾರೂ ಕೇಳಲು ಬಯಸುವ ಸದ್ದಲ್ಲ.

ಎರಡು ಚಾನೆಲ್‌ಗಳ ಸಂಖ್ಯೆಯನ್ನು ಹನ್ನೊಂದರಿಂದ ಗುಣಿಸಿ ಸಂತೋಷಪಡುವುದೂ ಸಲ್ಲದು. ಸ್ವತಂತ್ರ ಪ್ರಯೋಗಾಲಯಗಳಲ್ಲಿ ಐದು ಅಥವಾ ಏಳು ಚಾನೆಲ್‌ಗಳನ್ನು ಒಟ್ಟಿಗೆ ದುಡಿಸಿ ಅಳೆದಾಗ ಹೆಚ್ಚಿನ ರಿಸೀವರ್‌ಗಳ ಪ್ರತಿ ಚಾನೆಲ್‌ನ ಶಕ್ತಿ ಗಣನೀಯವಾಗಿ ಕುಸಿಯುತ್ತದೆ. ಅದೇ ವೇಳೆ ಈ ಕುಸಿತಕ್ಕೆ ಅತಿಯಾಗಿ ಭಯಪಡುವ ಅಗತ್ಯವೂ ಇಲ್ಲ, ಏಕೆಂದರೆ ನಿಜವಾದ ಸಿನಿಮಾದಲ್ಲಿ ಎಲ್ಲ ಚಾನೆಲ್‌ಗಳೂ ಏಕಕಾಲಕ್ಕೆ ಗರಿಷ್ಠ ಮಟ್ಟ ಮುಟ್ಟುವುದು ಬಹಳ ಅಪರೂಪ, ಮುಟ್ಟಿದರೂ ಅದು ಕ್ಷಣಮಾತ್ರ. ಅಷ್ಟು ಹೊತ್ತಿಗೆ ಬೇಕಾದ ಶಕ್ತಿಯನ್ನು ವಿದ್ಯುತ್ ಪೂರೈಕೆಯ ದೊಡ್ಡ ಕೆಪಾಸಿಟರ್‌ಗಳು ಒದಗಿಸುತ್ತವೆ. ಹಿಂಬದಿಯ ಫಲಕದಲ್ಲಿರುವ ವಿದ್ಯುತ್ ಬಳಕೆಯ ಅಂಕಿಯನ್ನು ನೋಡಿ ಯಂತ್ರದ ಸಾಮರ್ಥ್ಯವನ್ನು ಅಳೆಯುವವರಿದ್ದಾರೆ. ಅದು ಪೂರ್ಣ ಶಕ್ತಿಯಲ್ಲಿ ಅಳೆದ ಅಂಕಿ ಆಗಿರಬೇಕೆಂದಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚಬೇಡಿ.

ಆರನೆಯ ಹೆಜ್ಜೆ: ಒಂದೇ ಪೆಟ್ಟಿಗೆಯೋ, ಬೇರೆಬೇರೆಯೋ

ರಿಸೀವರ್ ಎಂದರೆ ಧ್ವನಿ ಸಂಸ್ಕರಣೆ ಮತ್ತು ಶಕ್ತಿವರ್ಧನೆ ಒಂದೇ ಪೆಟ್ಟಿಗೆಯಲ್ಲಿ. ಪ್ರತ್ಯೇಕ ವ್ಯವಸ್ಥೆಯಲ್ಲಿ ಎವಿ ಪ್ರೊಸೆಸರ್ ಒಂದು ಕಡೆ, ಪವರ್ ಆಂಪ್ಲಿಫೈಯರ್‌ಗಳು ಇನ್ನೊಂದು ಕಡೆ. ಮರಾಂಟ್ಜ್‌ನ ಎವಿ 10 ಪ್ರೊಸೆಸರ್ ಮತ್ತು 16 ಚಾನೆಲ್‌ಗಳ ಆಂಪ್ 10 ಇದಕ್ಕೆ ಉದಾಹರಣೆ, ಇನ್ನೂ ಮೇಲಿನ ಹಂತದಲ್ಲಿ ಟ್ರಿನೋವ್, ಸ್ಟಾರ್ಮ್‌ಆಡಿಯೋ ಕಂಪನಿಗಳ ಪ್ರೊಸೆಸರ್‌ಗಳಿವೆ. ಬೇರ್ಪಡಿಸುವುದರ ದೊಡ್ಡ ಲಾಭ ಆಯಸ್ಸಿನ ವ್ಯತ್ಯಾಸದಲ್ಲಿದೆ. ಎಚ್‌ಡಿಎಂಐ, ಹೊಸ ಧ್ವನಿ ಸ್ವರೂಪಗಳು ಇತ್ಯಾದಿ ಕೆಲವೇ ವರ್ಷಗಳಲ್ಲಿ ಬದಲಾಗುತ್ತವೆ, ಆದರೆ ಒಳ್ಳೆಯ ಪವರ್ ಆಂಪ್ಲಿಫೈಯರ್ ಇಪ್ಪತ್ತು ವರ್ಷ ದುಡಿಯುತ್ತದೆ.

ನಮ್ಮ 18×12 ಕೋಣೆಗೆ ನನ್ನ ಶಿಫಾರಸು ಇವೆರಡರ ನಡುವಿನದು: ಎಲ್ಲ ಚಾನೆಲ್‌ಗಳಿಗೂ ಪ್ರೀ-ಔಟ್ (ಹೊರಗಿನ ಆಂಪ್ಲಿಫೈಯರ್‌ಗೆ ಸಂಕೇತ ಕೊಡುವ ಕಿಂಡಿ) ಇರುವ 11 ಚಾನೆಲ್‌ಗಳ ಉತ್ತಮ ರಿಸೀವರ್. ಆರಂಭದಲ್ಲಿ ಅದರಿಂದಲೇ ಎಲ್ಲವನ್ನೂ ನಡೆಸಿ, ಅಗತ್ಯ ಕಂಡರೆ ಮುಂದಿನ ಮೂರಕ್ಕೆ ಆಂಪ್ಲಿಫೈಯರ್ ಸೇರಿಸಬಹುದು. ಹೀಗೆ ಸೇರಿಸುವಾಗ ಗೇನ್, ಅಂದರೆ ಒಳಬಂದ ಸಂಕೇತವನ್ನು ಆಂಪ್ಲಿಫೈಯರ್ ಎಷ್ಟು ಹಿಗ್ಗಿಸುತ್ತದೆ ಎಂಬುದು, ಹೊಂದುತ್ತದೆಯೇ ನೋಡಬೇಕು. 29 ಡೆಸಿಬೆಲ್ ಗೇನ್ ಇರುವ ಆಂಪ್ಲಿಫೈಯರ್ 8 ಓಮ್‌ಗೆ 200 ವ್ಯಾಟ್ ಕೊಡಲು ಸುಮಾರು 1.4 ವೋಲ್ಟ್ ಒಳಬರಬೇಕು. ಕಡಿಮೆ ಗೇನ್‌ನ ಆಂಪ್ಲಿಫೈಯರ್‌ಗೆ ಇನ್ನೂ ಹೆಚ್ಚು ಬೇಕು, ಅಷ್ಟನ್ನು ಎಲ್ಲ ರಿಸೀವರ್‌ಗಳ ಪ್ರೀ-ಔಟ್‌ಗಳೂ ವಿರೂಪವಿಲ್ಲದೆ ಕೊಡಲಾರವು. ಒಳಗಿನ ಆಂಪ್ಲಿಫೈಯರ್‌ಗಳನ್ನು ಪ್ರೀ-ಔಟ್‌ನಿಂದ ಸಂಪೂರ್ಣವಾಗಿ ಬೇರ್ಪಡಿಸುವ ಸೌಲಭ್ಯವಿರುವ ಮಾದರಿಗಳಲ್ಲಿ ಈ ತೊಂದರೆ ಕಡಿಮೆ.

ಆಂಪ್ಲಿಫೈಯರ್ ಹಳೆಯ ಬಗೆಯ ಕ್ಲಾಸ್ ಎಬಿಯೋ, ವೇಗವಾಗಿ ಆನ್-ಆಫ್ ಆಗುತ್ತ ದುಡಿಯುವ ಕ್ಲಾಸ್ ಡಿಯೋ ಎಂಬ ವಾದಕ್ಕೆ ಈಗ ಹೆಚ್ಚು ಸಮಯ ಕೊಡಬೇಕಾಗಿಲ್ಲ. ಆಂಪ್ಲಿಫೈಯರ್ ವಿನ್ಯಾಸಕಾರ ಬ್ರೂನೋ ಪುಟ್ಜೀಸ್ ಅವರು ಹೈಪೆಕ್ಸ್ ಕಂಪನಿಗಾಗಿ ಎನ್‌ಕೋರ್ ಎಂಬ ಕ್ಲಾಸ್ ಡಿ ವಿನ್ಯಾಸ ರೂಪಿಸಿ, ಮುಂದೆ ಪ್ಯೂರಿಫೈ ಸಂಸ್ಥೆಯನ್ನು ಕಟ್ಟುವಲ್ಲಿ ಜೊತೆಯಾದ ಮೇಲೆ ಕ್ಲಾಸ್ ಡಿಯ ವಿರೂಪ ಕಿವಿಗೆ ನಿಲುಕದ ಮಟ್ಟಕ್ಕೆ ಇಳಿದಿದೆ. ಮುಚ್ಚಿದ ಕಪಾಟಿನಲ್ಲಿ, ನಮ್ಮ ಬೇಸಿಗೆಯಲ್ಲಿ, ಅದು ಕಡಿಮೆ ಬಿಸಿಯಾಗುತ್ತದೆ ಎಂಬುದೇ ಸಣ್ಣ ಲಾಭವಲ್ಲ.

ಏಳನೆಯ ಹೆಜ್ಜೆ: ಕೋಣೆ ತಿದ್ದುಪಡಿ ಮತ್ತು ಬೇಸ್ ನಿರ್ವಹಣೆ

ದುಬಾರಿ ಯಂತ್ರಕ್ಕೆ ಹಣ ಕೊಡಲು ಅತ್ಯಂತ ಬಲವಾದ ಕಾರಣ ಇರುವುದು ಇಲ್ಲಿ. ನಮ್ಮ ಕೋಣೆಯ ಗಾತ್ರ ಸುಮಾರು 61 ಘನ ಮೀಟರ್. ಅದರ ಪ್ರತಿಧ್ವನಿಯ ಅವಧಿ ಅರ್ಧ ಸೆಕೆಂಡ್ ಎಂದುಕೊಂಡರೆ ಸುಮಾರು 180 ಹರ್ಟ್ಸ್‌ಗಿಂತ ಕೆಳಗೆ ನಾವು ಕೇಳುವ ಸದ್ದನ್ನು ಆಳುವುದು ಸ್ಪೀಕರ್‌ಗಿಂತ ಹೆಚ್ಚಾಗಿ ಕೋಣೆಯೇ. ಆ ಭಾಗದಲ್ಲಿ ಒಂದು ಸೀಟಿನಿಂದ ಇನ್ನೊಂದಕ್ಕೆ 10–15 ಡೆಸಿಬೆಲ್ ಏರಿಳಿತ ಕಂಡರೆ ಆಶ್ಚರ್ಯವಿಲ್ಲ. ಎರಡು ಒಳ್ಳೆಯ ಆಂಪ್ಲಿಫೈಯರ್‌ಗಳ ನಡುವಿನ ಧ್ವನಿ ವ್ಯತ್ಯಾಸ ಇದರ ಹತ್ತಿರಕ್ಕೂ ಬರುವುದಿಲ್ಲ.

ಹೀಗಾಗಿ ಯಂತ್ರದೊಳಗೆ, ಮೈಕ್ರೋಫೋನಿನಿಂದ ಕೋಣೆಯ ಸದ್ದನ್ನು ಅಳೆದು ಸರಿಪಡಿಸುವ ಯಾವ ತಿದ್ದುಪಡಿ ತಂತ್ರಾಂಶವಿದೆ ಎಂಬುದನ್ನು ವ್ಯಾಟ್‌ಗಳಿಗಿಂತ ಮೊದಲು ಕೇಳಬೇಕು. ಡೆನಾನ್ ಮತ್ತು ಮರಾಂಟ್ಜ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಆಡಿಸ್ಸಿಯ ಮಲ್ಟ್‌ಇಕ್ಯೂ ಎಕ್ಸ್‌ಟಿ32 ಇರುತ್ತದೆ, ಹಲವುಗಳಿಗೆ ಡಿರಾಕ್ ಲೈವನ್ನು ಪ್ರತ್ಯೇಕ ಹಣ ಕೊಟ್ಟು ಸೇರಿಸಿಕೊಳ್ಳಬಹುದು. ಆಂಥೆಮ್‌ನಲ್ಲಿ ಅದರದ್ದೇ ಆರ್ಕ್ ಜೆನಿಸಿಸ್, ಯಮಹಾದಲ್ಲಿ ವೈಪಾವೋ, ಲಿಂಗ್‌ಡಾರ್ಫ್‌ನಲ್ಲಿ ರೂಮ್‌ಪರ್ಫೆಕ್ಟ್. ಫ್ರಾನ್ಸಿನ ಟ್ರಿನೋವ್ ನಾಲ್ಕು ಕ್ಯಾಪ್ಸೂಲ್‌ಗಳ ವಿಶೇಷ ಮೈಕ್ರೋಫೋನ್ ಬಳಸಿ ಪ್ರತಿ ಸ್ಪೀಕರ್ ಎಲ್ಲಿದೆ ಎಂಬುದನ್ನೂ ಕಂಡುಹಿಡಿಯುತ್ತದೆ. ಡಿರಾಕ್‌ನ ಆ್ಯಕ್ಟಿವ್ ರೂಮ್ ಟ್ರೀಟ್‌ಮೆಂಟ್ ಇನ್ನೂ ಮುಂದೆ ಹೋಗಿ, ಒಂದು ಸ್ಪೀಕರ್ ಎಬ್ಬಿಸಿದ ಅನುರಣನವನ್ನು ಉಳಿದ ಸ್ಪೀಕರ್‌ಗಳಿಂದ ತಣಿಸುತ್ತದೆ. ಇದು ಮೊದಲು ಬಂದದ್ದು ಸ್ಟಾರ್ಮ್‌ಆಡಿಯೋ ಪ್ರೊಸೆಸರ್‌ಗಳಲ್ಲಿ.

ಇವುಗಳನ್ನು ತೂಗಿ ನೋಡುವಾಗ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಿರಿ. ತಿದ್ದುಪಡಿಯ ಮೇಲಿನ ಮಿತಿಯನ್ನು, ಉದಾಹರಣೆಗೆ 300 ಅಥವಾ 500 ಹರ್ಟ್ಸ್‌ವರೆಗೆ ಮಾತ್ರ ಎಂದು, ನಾವೇ ನಿಗದಿ ಮಾಡಬಹುದೇ? ಒಳ್ಳೆಯ ಸ್ಪೀಕರ್‌ನ ಮೇಲಿನ ಸ್ವರಗಳನ್ನು ತಂತ್ರಾಂಶ ಕೆದಕದಂತೆ ಬಿಡುವುದು ಬಹಳ ಸಲ ಉತ್ತಮ. ಗುರಿರೇಖೆಯನ್ನು, ಅಂದರೆ ಬೇಸ್ ಎಷ್ಟು ಏರಿರಬೇಕು ಎಂಬುದನ್ನು, ನಮ್ಮ ಇಷ್ಟದಂತೆ ಬದಲಿಸಬಹುದೇ? ಸಬ್‌ವೂಫರ್ ಔಟ್‌ಪುಟ್‌ಗಳು ನಿಜವಾಗಿ ಸ್ವತಂತ್ರವೇ? ಹಿಂದೆ ಎರಡು ಕಿಂಡಿಗಳಿದ್ದ ಮಾತ್ರಕ್ಕೆ ಎರಡು ಸಬ್‌ವೂಫರ್‌ಗಳ ವಿಳಂಬ ಮತ್ತು ಮಟ್ಟವನ್ನು ಬೇರೆಬೇರೆಯಾಗಿ ಹೊಂದಿಸಬಹುದು ಎಂದೇನಿಲ್ಲ, ಕೆಲವು ಯಂತ್ರಗಳಲ್ಲಿ ಎರಡರಲ್ಲೂ ಒಂದೇ ಸಂಕೇತ ಬರುತ್ತದೆ.

ಈ ಮೂರನೆಯ ಪ್ರಶ್ನೆ ಅತಿ ಮುಖ್ಯ. ತಂತ್ರಾಂಶ ಉಬ್ಬುಗಳನ್ನು (ಅತಿಯಾಗಿ ಕೇಳುವ ಸ್ವರಗಳು) ಕತ್ತರಿಸಬಲ್ಲದು, ಹಳ್ಳಗಳನ್ನು (ಅಡಗಿಹೋಗುವ ಸ್ವರಗಳು) ತುಂಬಲಾರದು: 10 ಡೆಸಿಬೆಲ್‌ನ ಹಳ್ಳ ತುಂಬಲು ಹತ್ತು ಪಟ್ಟು ಶಕ್ತಿ ಬೇಕಾಗುತ್ತದೆ, ಅಷ್ಟು ಕೊಟ್ಟರೂ ಪ್ರತಿಫಲನವೂ ಅದೇ ಪ್ರಮಾಣದಲ್ಲಿ ಏರಿ ಹಳ್ಳ ಹಾಗೆಯೇ ಉಳಿಯುತ್ತದೆ. ಹಳ್ಳಗಳಿಗೆ ಮದ್ದು ಎರಡನೆಯ ಸಬ್‌ವೂಫರನ್ನು ಬೇರೆ ಜಾಗದಲ್ಲಿ, ಮುಂದಿನ ಗೋಡೆಯ ನಡುವೆ ಒಂದು, ಹಿಂದಿನ ಗೋಡೆಯ ನಡುವೆ ಇನ್ನೊಂದು ಎಂಬಂತೆ, ಇಡುವುದು. ಎರಡು ಮಧ್ಯಮ ಬೆಲೆಯ ಸಬ್‌ವೂಫರ್‌ಗಳನ್ನು ಚೆನ್ನಾಗಿ ನಿರ್ವಹಿಸುವ ರಿಸೀವರ್, ಒಂದೇ ದೈತ್ಯ ಸಬ್‌ವೂಫರ್ ಜೊತೆಗಿನ ದುಬಾರಿ ಆಂಪ್ಲಿಫೈಯರ್‌ಗಿಂತ ಇಡೀ ಸೋಫಾದವರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಎಂಟನೆಯ ಹೆಜ್ಜೆ: ಜೋಡಣೆಗಳು

ಎಚ್‌ಡಿಎಂಐ 2.1ರಲ್ಲಿ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಆಟದ ಕನ್ಸೋಲ್‌ಗಳ 4ಕೆ 120 ಹರ್ಟ್ಸ್ ಚಿತ್ರಕ್ಕೆ ಸೆಕೆಂಡಿಗೆ 40 ಗಿಗಾಬಿಟ್ ಇರುವ ಕಿಂಡಿಗಳು ಸಾಕು. 2020ರಲ್ಲಿ ಬಂದ ಮೊದಲ ತಲೆಮಾರಿನ ಕೆಲವು ರಿಸೀವರ್‌ಗಳ ಚಿಪ್‌ನಲ್ಲಿ ಇದೇ 4ಕೆ 120ರಲ್ಲಿ ದೋಷವಿತ್ತು, ಆದ್ದರಿಂದ ಹಳೆಯ ದಾಸ್ತಾನನ್ನು ರಿಯಾಯಿತಿಗೆ ಕೊಡುವಾಗ ತಯಾರಿಕೆಯ ವರ್ಷ ಕೇಳಿ. ಬರೀ ಸಿನಿಮಾ ನೋಡುವವರಿಗೆ ಇದರ ಗೊಡವೆಯೇ ಇಲ್ಲ. ಟಿವಿಯ ಆ್ಯಪ್‌ಗಳಿಂದ ಬರುವ ಅಟ್ಮಾಸ್ ಧ್ವನಿ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿರುವುದರಿಂದ ಸಾಧಾರಣ ಎಆರ್‌ಸಿ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ರಿಸೀವರ್‌ಗೆ ಮರಳಿ ತರುವ ದಾರಿ) ಮೂಲಕವೂ ಸಾಗಬಲ್ಲದು. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಧ್ವನಿ ಟಿವಿಯ ಮೂಲಕ ಹಾದು ಬರಬೇಕಾದರೆ ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕು, ಇಲ್ಲವೇ ಪ್ಲೇಯರನ್ನು ನೇರವಾಗಿ ರಿಸೀವರ್‌ಗೆ ಜೋಡಿಸಬೇಕು. ಪ್ರೊಜೆಕ್ಟರ್ ಬಳಸುವವರು ಹತ್ತು ಮೀಟರ್‌ನಷ್ಟು ಉದ್ದಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಎಳೆಯಬೇಕಾಗುತ್ತದೆ. ಅದಕ್ಕೆ ದಿಕ್ಕಿದೆ, ಅದರ ತಲೆ ದಪ್ಪವಾಗಿರುತ್ತದೆ. ಗೋಡೆಯೊಳಗೆ ಹಾಕುವ ಪೈಪು ಆ ತಲೆ ಹೋಗುವಷ್ಟು ಅಗಲವಿರಲಿ, ಮುಂದೆ ಬದಲಿಸಲು ಒಳಗೊಂದು ಎಳೆಯುವ ದಾರವೂ ಇರಲಿ.

ಸ್ಪೀಕರ್ ತಂತಿಗೆ ಅತಿ ಖರ್ಚು ಬೇಡ. 2.5 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ತಂತಿ 10 ಮೀಟರ್ ದೂರಕ್ಕೆ ಹೋಗಿ ಬರುವಾಗ 0.14 ಓಮ್ ಪ್ರತಿರೋಧ ಒಡ್ಡುತ್ತದೆ. 4 ಓಮ್ ಸ್ಪೀಕರ್‌ಗೂ ಅದು ಧಾರಾಳವಾಗಿ ಸಾಕು.

ಒಂಬತ್ತನೆಯ ಹೆಜ್ಜೆ: ವಿದ್ಯುತ್ತು, ಬಿಸಿ, ತೇವ

ನಮ್ಮಲ್ಲಿ 230 ವೋಲ್ಟಿನ ಸಾಧಾರಣ 6 ಆಂಪಿಯರ್ ಸಾಕೆಟ್ ಕೊಡಬಲ್ಲದ್ದು ಸುಮಾರು 1,380 ವ್ಯಾಟ್, 16 ಆಂಪಿಯರ್ ಸಾಕೆಟ್ ಸುಮಾರು 3,680 ವ್ಯಾಟ್. ರಿಸೀವರ್ ಜೊತೆಗೆ ಪವರ್ ಆಂಪ್ಲಿಫೈಯರ್ ಮತ್ತು ಎರಡು ಸಬ್‌ವೂಫರ್ ಸೇರಿದಾಗ ಎಂಸಿಬಿ ಬೋರ್ಡಿನಿಂದ ಆ ಕೋಣೆಗೆ ಪ್ರತ್ಯೇಕ 16 ಆಂಪಿಯರ್ ಲೈನ್ ಎಳೆಸುವುದು ಒಳ್ಳೆಯದು, ಅದೂ ಪ್ಲಾಸ್ಟರಿಂಗ್‌ಗೆ ಮೊದಲು. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು ಚಾಲೂ ಮಾಡಿದ ಕ್ಷಣದಲ್ಲಿ ಹೆಚ್ಚು ಪ್ರವಾಹ ಎಳೆಯುವುದರಿಂದ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದರೆ ಎಂಸಿಬಿ ಬೀಳಬಹುದು. 12 ವೋಲ್ಟ್ ಟ್ರಿಗರ್ (ಒಂದು ಯಂತ್ರ ಇನ್ನೊಂದನ್ನು ಆನ್ ಮಾಡುವ ಸಂಕೇತದ ತಂತಿ) ಮೂಲಕ ಒಂದರ ನಂತರ ಒಂದು ಆನ್ ಆಗುವಂತೆ ಮಾಡಿಕೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಈ ಯಂತ್ರಗಳನ್ನು ಎಂದಿಗೂ ಜೋಡಿಸಬೇಡಿ.

ಸ್ಪೀಕರ್‌ಗಳಲ್ಲಿ ಸದಾ ಹಮ್ ಎಂಬ ಸದ್ದು ಕೇಳಿಸಿದರೆ ಹಲವು ಸಲ ಅದರ ಮೂಲ ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ಅಥವಾ ಕೇಬಲ್ ಟಿವಿಯ ತಂತಿ. ಆ ತಂತಿಯನ್ನು ಕಿತ್ತು ನೋಡಿ. ಸದ್ದು ನಿಂತರೆ ಅದರಲ್ಲಿ ಐಸೊಲೇಟರ್ ಹಾಕಿಸಬೇಕು. ಪ್ಲಗ್ಗಿನ ಅರ್ಥಿಂಗ್ ಪಿನ್ ತೆಗೆದುಹಾಕುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ, ಅದು ಪ್ರಾಣಕ್ಕೆ ಅಪಾಯ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ, ವಿಶೇಷವಾಗಿ ಮಲೆನಾಡಿನಲ್ಲಿ, ವಿದ್ಯುತ್ ಪ್ಲಗ್ಗಿನ ಜೊತೆಗೆ ಡಿಶ್ ತಂತಿ ಮತ್ತು ಇಂಟರ್ನೆಟ್ ತಂತಿಗಳನ್ನೂ ಕಳಚಿಡಬೇಕು. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ತೇವಕ್ಕೆ ಟರ್ಮಿನಲ್‌ಗಳು ಕಿಲುಬು ಹಿಡಿಯುವುದರಿಂದ ಚಿನ್ನದ ಲೇಪನದ ಬನಾನಾ ಪ್ಲಗ್‌ಗಳು ಉಪಯುಕ್ತ. ಯಂತ್ರದ ಮೇಲೆ ಕನಿಷ್ಠ ಆರೇಳು ಇಂಚು ಗಾಳಿಯಾಡುವ ಜಾಗ ಬಿಡಿ. ಬೆಚ್ಚಗಿನ ಜಾಲರಿಯ ಮೂಲಕ ಹಲ್ಲಿ, ಇರುವೆಗಳು ಒಳಹೋಗಿ ಸರ್ಕ್ಯೂಟ್ ಸುಡುವುದು ನಮ್ಮ ಕಡೆ ರಿಪೇರಿಯವರಿಗೆ ಚಿರಪರಿಚಿತ ಸಂಗತಿಯಾದ್ದರಿಂದ ಕಪಾಟಿನ ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಬಲೆ ಹಾಕಿಸಿ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ಅಲ್ಲಿಂದ ಅಗ್ಗವಾಗಿ ತರುತ್ತೇನೆ ಎಂದಾಗ ಆಸೆಯಾಗುವುದು ಸಹಜ. ಅಲ್ಲಿನ ಮಾದರಿಗಳು 120 ವೋಲ್ಟಿನವು. ಭಾರವಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅವು ಇಲ್ಲಿ ನಡೆಯುವುದಿಲ್ಲ, ಇಲ್ಲಿ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. 25–30 ಕಿಲೋ ತೂಕದ ಯಂತ್ರವನ್ನು ರಿಪೇರಿಗಾಗಿ ಕಡಲಾಚೆ ಕಳುಹಿಸುವುದು ಆಗುವ ಮಾತಲ್ಲ.

ಹತ್ತನೆಯ ಹೆಜ್ಜೆ: ಕೇಳಿ ನೋಡುವುದು, ಕೊಳ್ಳುವುದು

ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ಮಟ್ಟವೂ ಒಂದೇ ಆಗಿರಬೇಕು. ಒಂದೇ ಡೆಸಿಬೆಲ್ ಹೆಚ್ಚಿದ್ದರೂ ಕಿವಿಗೆ ಅದೇ ಉತ್ತಮವೆನಿಸುತ್ತದೆ. ಅದೇ ಸ್ಪೀಕರ್, ಅದೇ ದೃಶ್ಯ ಇಟ್ಟುಕೊಂಡು, ಪಿಂಕ್ ನಾಯ್ಸ್ (ಅಳತೆಗೆ ಬಳಸುವ ಭೋರ್ಗರೆತದ ಸದ್ದು) ಹಾಕಿ ಮೀಟರಿನಲ್ಲಿ ಅಳೆದು ಸರಿಹೊಂದಿಸಿಕೊಡುವಂತೆ ಅಂಗಡಿಯವರನ್ನು ಕೇಳಲು ಸಂಕೋಚ ಬೇಡ. ಸ್ಫೋಟದ ದೃಶ್ಯಗಳಿಗಿಂತ ಮಳೆಯ ನಡುವೆ ಇಬ್ಬರು ಮೆಲುದನಿಯಲ್ಲಿ ಮಾತಾಡುವ ದೃಶ್ಯವೇ ಹೆಚ್ಚು ಹೇಳುತ್ತದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡುವಷ್ಟು ಕಡಿಮೆ ವಾಲ್ಯೂಮಿನಲ್ಲೂ ಮಾತು ಅರ್ಥವಾಗುತ್ತದೆಯೇ ಕೇಳಿ. ಕೊಳ್ಳುವ ಮೊದಲು ಬರೆಯಿಸಿಕೊಳ್ಳಬೇಕಾದದ್ದು ಭಾರತದ ಅಧಿಕೃತ ವಾರಂಟಿ ಎಷ್ಟು ವರ್ಷ, ಸರ್ವೀಸ್ ಎಲ್ಲಿ, ರಿಪೇರಿ ತಡವಾದರೆ ಬದಲಿ ಯಂತ್ರ ಕೊಡುತ್ತಾರೆಯೇ ಎಂಬುದನ್ನು. ಮನೆಯ ಹಿರಿಯರೂ ಒಂದೇ ಗುಂಡಿ ಒತ್ತಿ ಟಿವಿ ನೋಡುವಂತಿರಬೇಕು. ಅದಾಗದಿದ್ದರೆ ಆ ಕೋಣೆಗೆ ಬೀಗ ಬೀಳುತ್ತದೆ.

ಹನ್ನೊಂದನೆಯ ಹೆಜ್ಜೆ: ಮೊದಲ ದಿನದ ಹೊಂದಾಣಿಕೆ

ಕೋಣೆ ತಿದ್ದುಪಡಿಗೆ ಬಳಸುವ ಮೈಕ್ರೋಫೋನನ್ನು ಸೋಫಾದ ಬೆನ್ನಿನ ಮೇಲಿಡದೆ ಸ್ಟ್ಯಾಂಡಿನಲ್ಲಿ, ಕೂತವರ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಎರಡನ್ನೂ ಆರಿಸಿ, ಬೀದಿಯ ಸದ್ದು ಅಡಗಿದ ಹೊತ್ತಿನಲ್ಲಿ ಅಳೆಯಿರಿ. ಮೊದಲ ಅಳತೆ ಮುಖ್ಯ ಸೀಟಿನ ನಡುವೆಯೇ ಆಗಬೇಕು, ಏಕೆಂದರೆ ದೂರ ಮತ್ತು ಮಟ್ಟಗಳ ಲೆಕ್ಕ ಸಾಮಾನ್ಯವಾಗಿ ಅದನ್ನೇ ಆಧರಿಸುತ್ತದೆ. ಸಬ್‌ವೂಫರ್‌ನ ದೂರ ಟೇಪಿನ ಅಳತೆಗಿಂತ ಹೆಚ್ಚು ಬಂದರೆ ತಿದ್ದಲು ಹೋಗಬೇಡಿ. ಅದರೊಳಗಿನ ಸರ್ಕ್ಯೂಟ್‌ನ ವಿಳಂಬವೂ ಅದರಲ್ಲಿ ಸೇರಿರುತ್ತದೆ. ಯಂತ್ರವು ದೊಡ್ಡ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು ಗುರುತಿಸಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರನ್ನು (ಯಾವ ಗಡಿಯಿಂದ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಎಂಬುದು) 80 ಹರ್ಟ್ಸ್‌ನಿಂದ ಆರಂಭಿಸಿ. ವಿದ್ಯುತ್ ಉಳಿಸುವ ಇಕೋ ಮೋಡನ್ನು ಆಫ್ ಮಾಡಿಡಿ. ಸ್ಪೀಕರ್‌ಗಳ ಧನ-ಋಣ ತಂತಿಗಳು ಅದಲುಬದಲಾಗಿವೆ ಎಂಬ ಎಚ್ಚರಿಕೆ ಬಂದರೆ ಹಿಂದೆ ಹೋಗಿ ಒಮ್ಮೆ ಕಣ್ಣಾರೆ ನೋಡಿ; ಸರಿಯಿದ್ದರೆ ಮುಂದುವರಿಯಬಹುದು, ಕೆಲವು ಸ್ಪೀಕರ್‌ಗಳ ವಿನ್ಯಾಸಕ್ಕೇ ಆ ಎಚ್ಚರಿಕೆ ಬರುತ್ತದೆ.

ಎಲ್ಲವೂ ಹೊಂದಿದ ಮೇಲೆ ಸೆಟ್ಟಿಂಗ್‌ಗಳನ್ನು ಯುಎಸ್‌ಬಿ ಡ್ರೈವಿಗೆ ಅಥವಾ ಆ್ಯಪ್‌ನಲ್ಲಿ ಉಳಿಸಿಕೊಂಡು, ಅನಂತರವೇ ಫರ್ಮ್‌ವೇರ್ ಅಪ್‌ಡೇಟ್‌ಗೆ ಒಪ್ಪಿಗೆ ಕೊಡಿ. ಸೋಫಾ ಸರಿಸಿದರೆ, ಕಾರ್ಪೆಟ್ ಬದಲಿಸಿದರೆ, ಸಬ್‌ವೂಫರ್ ಒಂದು ಅಡಿ ಜರುಗಿದರೂ, ಅಳತೆಯನ್ನು ಮೊದಲಿನಿಂದ ಮಾಡಬೇಕು.